ಅರ್ತಿಂಗ್ ಗುಂಡಿ ಗದ್ದಲ ನುಂಗುವುದಿಲ್ಲ

ಸಂಡೂರು, ಹೊಸಪೇಟೆ ಕಡೆ ಅದಿರಿನ ಬೆಲೆ ನಿಂತಿರುವುದು ಲ್ಯಾಬು ಕೊಡುವ ಕಬ್ಬಿಣಾಂಶದ ಅಂಕಿಯ ಮೇಲೆ. ಮಾದರಿಯನ್ನು ತೂಗಿ, ಕುಲುಮೆಯಲ್ಲಿ ಕಾಯಿಸಿ, ಮತ್ತೆ ತೂಗುವ ಸೂಕ್ಷ್ಮ ಕೆಲಸ ಅದು. ಗೋಡೆಯಾಚೆಯೇ ಕ್ರಷರ್, ಕನ್ವೇಯರ್‌ಗಳ ಡ್ರೈವ್ ಪ್ಯಾನೆಲ್ ಇದ್ದರೆ ತಕ್ಕಡಿಯ ಅಂಕಿ ಕುಣಿಯುವುದುಂಟು. ಆಗ ಬರುವ ಮೊದಲ ಸಲಹೆ: "ಲ್ಯಾಬಿಗೆ ಬೇರೆ ಅರ್ತಿಂಗ್ ಗುಂಡಿ ತೋಡಿಸಿ ಸರ್."

ಉಪ್ಪು, ಇದ್ದಿಲು ಸುರಿದು, ನೀರು ಹೊಯ್ದು ಆ ಕಲ್ಲುನೆಲದಲ್ಲೂ ಗುಂಡಿಯ ರೋಧವನ್ನು 1 ಓಮ್‌ಗೆ ಇಳಿಸಿದಿರಿ ಎನ್ನೋಣ. ಕುಣಿತ ಮಾತ್ರ ನಿಲ್ಲದು. ಡ್ರೈವ್‌ನೊಳಗಿನ ಐಜಿಬಿಟಿ ಸ್ವಿಚ್‌ಗಳು ವೋಲ್ಟೇಜನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿಯುತ್ತವೆ, ಅದೂ ಪ್ರತಿ ಸಲ ಒಂದು ಮೈಕ್ರೋಸೆಕೆಂಡಿಗಿಂತ ಬೇಗ. ಹಾಗಾಗಿ ಡ್ರೈವ್‌ನ ವಿದ್ಯುತ್ ಗದ್ದಲ ಮೆಗಾಹರ್ಟ್ಸ್‌ವರೆಗೆ ಹಬ್ಬುತ್ತದೆ. 10 ಮೀಟರ್ ಅರ್ತ್ ತಂತಿಯ ಇಂಡಕ್ಟನ್ಸ್ ಸುಮಾರು 10 ಮೈಕ್ರೋಹೆನ್ರಿ; 1 ಮೆಗಾಹರ್ಟ್ಸ್‌ನಲ್ಲಿ ಆ ತಂತಿಯೊಂದೇ 60 ಓಮ್‌ಗೂ ಹೆಚ್ಚು ತಡೆಯೊಡ್ಡುತ್ತದೆ. ಗುಂಡಿಯ 1 ಓಮ್ ಯಾವ ಲೆಕ್ಕಕ್ಕೂ ಇಲ್ಲ.

ಅಷ್ಟಕ್ಕೂ ಈ ಗದ್ದಲದ ಪ್ರವಾಹಕ್ಕೆ ಮಣ್ಣು ಬೇಕೇ ಇಲ್ಲ. ಮೋಟಾರಿನ ಮೈಗೆ ಸೋರಿದ್ದು ಹೊರಟ ಡ್ರೈವ್‌ಗೇ ಮರಳಬೇಕು. ಹತ್ತಿರದ ದಾರಿ ಸಿಗದಿದ್ದರೆ ಲ್ಯಾಬಿನ ತಂತಿಗಳನ್ನೂ ಬಳಸಿಕೊಂಡು ಮರಳುತ್ತದೆ. ಆ ಹತ್ತಿರದ ದಾರಿಯೇ ಶೀಲ್ಡ್ ಇರುವ ಮೋಟಾರ್ ಕೇಬಲ್. ಅದರ ಜಾಲರಿ ಎರಡೂ ತುದಿಗಳಲ್ಲಿ ಲೋಹದ ಗ್ಲ್ಯಾಂಡಿಗೆ ಸುತ್ತಲೂ ತಗುಲಿರಬೇಕು. ಜಡೆಯಂತೆ ತಿರುಚಿ ಒಂದು ಸ್ಕ್ರೂಗೆ ಸಿಕ್ಕಿಸಿದರೆ ಶೀಲ್ಡಿಗೆ ಕೊಟ್ಟ ದುಡ್ಡು ದಂಡ.

ಬೇರೆಯಾಗಿಯೇ ಉಳಿದ ಗುಂಡಿ ಅಪಾಯಕಾರಿಯೂ ಹೌದು. ಸಿಡಿಲು ಬಡಿದಾಗ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ಆದ್ದರಿಂದ ಎಷ್ಟೇ ಗುಂಡಿಗಳಿರಲಿ, ಪರಸ್ಪರ ಜೋಡಿಸಿರಲೇಬೇಕು.

"ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಬೇಕು" ಎಂಬುದು ಅರ್ಧ ಸತ್ಯ. ಕುಲುಮೆಯ ತಾಪ ಅಳೆಯುವ ಥರ್ಮೋಕಪಲ್‌ನ ಸಣ್ಣ ಸಂಕೇತಕ್ಕೆ, 50 ಹರ್ಟ್ಸ್ ಗುಂಯ್‌ಗುಡುವಿಕೆ ತಡೆಯಲು ಅದು ಸರಿ. ಮೋಟಾರ್ ಕೇಬಲ್ಲಿಗೆ ತಪ್ಪು.

"ಯುಪಿಎಸ್ ಇದೆಯಲ್ಲ!" ಇದೆ, ಆದರೆ ಅದು ಕಾಯುವುದು ಪವರ್ ಲೈನನ್ನು. ಸೆನ್ಸರ್ ತಂತಿಯಲ್ಲಿ ನುಸುಳುವುದು ಅದರ ಕಣ್ಣಿಗೇ ಬೀಳದು. ಕೆ ಮಾದರಿಯ ಥರ್ಮೋಕಪಲ್ ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್ ಮಾತ್ರ. 1 ಮಿಲಿವೋಲ್ಟ್ ತಪ್ಪಿದರೆ ಕುಲುಮೆಯ ಲೆಕ್ಕ 24 ಡಿಗ್ರಿ ಆಚೀಚೆ. ಆ ತಂತಿಯನ್ನು ಮೋಟಾರ್ ಕೇಬಲ್ಲಿನ ಟ್ರೇಯಿಂದ ಎತ್ತಿ ದೂರ ಹಾಕುವುದಕ್ಕೆ ಖರ್ಚು ಕಡಿಮೆ.

ಕಾಂಟ್ಯಾಕ್ಟರ್ ಬಿದ್ದಾಗಷ್ಟೇ ಅಂಕಿ ಜಿಗಿದರೆ ಎಸಿ ಕಾಯಿಲ್‌ಗೆ ಆರ್‌ಸಿ ಸ್ನಬರ್, ಡಿಸಿ ಕಾಯಿಲ್‌ಗೆ ಡಯೋಡ್ ಹಾಕಿದರೆ ಸಾಕು.

ಗುದ್ದಲಿ ಎತ್ತುವ ಮುನ್ನ ಡ್ರೈವ್ ನಿಲ್ಲಿಸಿ ತಕ್ಕಡಿ ನೋಡಿ. ಕುಣಿತ ನಿಂತರೆ ಡ್ರೈವ್‌ನ ಸ್ವಿಚಿಂಗ್ ಫ್ರೀಕ್ವೆನ್ಸಿ ಇಳಿಸಿ ನೋಡಿ. ಮೋಟಾರು ಸ್ವಲ್ಪ ಜೋರಾಗಿ ಕೀರಲುಗುಡುತ್ತದೆ. ಕ್ರಷರ್ ಪಕ್ಕದಲ್ಲಿ ಅದನ್ನು ಕೇಳಿಸಿಕೊಳ್ಳುವವರು ಯಾರು?