ಹಿಮಕಡಿತ: ಅದರ ಲಕ್ಷಣಗಳೂ ಚಿಕಿತ್ಸೆಯೂ

1950ನೆಯ ಇಸವಿ ಜೂನ್ 3ರಂದು ಫ್ರಾನ್ಸ್ ದೇಶದ ಮಾರಿಸ್ ಎರ್ಜೋಗ್ ಮತ್ತು ಲೂಯಿ ಲಾಶೆನಾಲ್ ಎಂಬ ಸಾಹಸಿಗಳು ನೇಪಾಳದ ಅನ್ನಪೂರ್ಣ ಶಿಖರವನ್ನು ಮುಟ್ಟಿದರು. 8,000 ಮೀಟರಿಗೂ ಮಿಗಿಲಾದ ಶಿಖರವೊಂದರ ನೆತ್ತಿಯನ್ನು ಮಾನವನು ಏರಿದ್ದು ಅದೇ ಮೊದಲು. ಇಳಿಯುವಾಗ ಎರ್ಜೋಗನ ಕೈಗವಸುಗಳು ಜಾರಿ ಕಣ್ಮರೆಯಾದುವು. ಶಿಬಿರದಲ್ಲಿದ್ದ ಗೆಳೆಯರು ಅವರಿಬ್ಬರ ಮರಗಟ್ಟಿದ ಅಂಗಗಳನ್ನು ತಿಕ್ಕಿದರು. ಹಗ್ಗದ ತುದಿಯಿಂದ ಬಡಿದರು. ಹಾಗೆ ಮಾಡಿದರೆ ರಕ್ತವು ಮರಳಿ ಹರಿಯುವುದೆಂಬುದು ಆಗಿನ ನಂಬಿಕೆ. ಮರುದಿನ ಬಿರುಗಾಳಿಯಲ್ಲಿ ದಾರಿ ತಪ್ಪಿ, ಆ ರಾತ್ರಿಯನ್ನು ಅವರು ಹಿಮದ ಬಿರುಕೊಂದರಲ್ಲಿ ಕಳೆಯಬೇಕಾಯಿತು. ಕೊನೆಗೆ ಲಾಶೆನಾಲನು ಕಾಲ್ಬೆರಳುಗಳೆಲ್ಲವನ್ನೂ, ಎರ್ಜೋಗನು ಅವುಗಳೊಡನೆ ಕೈಬೆರಳುಗಳ ಬಹುಭಾಗವನ್ನೂ ಕಳೆದುಕೊಂಡರು. ಗೆಳೆಯರ ಅಕ್ಕರೆಯಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದುದು ತಿಳಿವಳಿಕೆಯಲ್ಲಿ.

ಹಿಮಕಡಿತವೆಂದರೇನು? ಹೊರಗಿನ ಚಳಿ ಹೆಚ್ಚಿದಾಗ ದೇಹವು ಹೃದಯ, ಮಿದುಳು ಮೊದಲಾದ ಮುಖ್ಯ ಅಂಗಗಳ ಶಾಖವನ್ನು ಕಾಪಾಡಿಕೊಳ್ಳಲು ಯತ್ನಿಸುತ್ತದೆ. ಅದಕ್ಕಾಗಿ ಚರ್ಮದ ಕಿರಿಯ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆದುದರಿಂದ ಕೈಕಾಲುಗಳ ಬೆರಳು, ಮೂಗು, ಕಿವಿ, ಕೆನ್ನೆ ಇವು ಮೊದಲು ತಣ್ಣಗಾಗುತ್ತವೆ. ಅಂಗಾಂಶದ ಉಷ್ಣತೆ ಸೊನ್ನೆ ಡಿಗ್ರಿಗಿಂತ ತುಸು ಕೆಳಗಿಳಿದೊಡನೆ ಜೀವಕೋಶಗಳ ನಡುವಣ ದ್ರವದಲ್ಲಿ ಮಂಜಿನ ಹರಳುಗಳು ಮೂಡುತ್ತವೆ. ಉಳಿದ ದ್ರವದಲ್ಲಿ ಲವಣಾಂಶ ಹೆಚ್ಚಿ, ಅದು ಕೋಶಗಳೊಳಗಿನ ನೀರನ್ನು ಹೀರಿಕೊಳ್ಳುತ್ತದೆ, ಕೋಶಗಳು ಸುರುಟಿಕೊಳ್ಳುತ್ತವೆ. ಕೇಡು ಇಷ್ಟಕ್ಕೇ ನಿಲ್ಲುವುದಿಲ್ಲ. ಮಂಜು ಕರಗಿದ ಮೇಲೆ, ಗಾಸಿಗೊಂಡ ರಕ್ತನಾಳಗಳಲ್ಲಿ ರಕ್ತವು ಗರಣೆಗಟ್ಟಿ ಹರಿವು ನಿಂತುಹೋಗುತ್ತದೆ. ಹೀಗೆ ಬದುಕಿ ಉಳಿದ ಕೋಶಗಳೂ ಆಹಾರವಿಲ್ಲದೆ ಸಾಯುತ್ತವೆ.

ಇದರ ಮುನ್ಸೂಚನೆ ಬಲು ಸೌಮ್ಯವಾದುದು. ಮೊದಲು ಚುಚ್ಚಿದಂತಹ ನೋವು, ಆಮೇಲೆ ಜೋಮು, ಚರ್ಮವು ಬಿಳಿಚಿಕೊಳ್ಳುತ್ತದೆ. ನಮ್ಮಂತಹ ಕಂದುಬಣ್ಣದವರಲ್ಲಿ ಅದು ಬೂದಿಬಣ್ಣವಾಗಿ ತೋರಬಹುದು. ಈ ಹಂತದಲ್ಲಿ ಬೆರಳುಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿದರೆ ಹಾನಿಯೇ ಉಳಿಯದು. ನೋವು ನಿಂತಿತೆಂದು ಹಿಗ್ಗಿದವನೇ ಮೋಸಹೋಗುವನು. ಏಕೆಂದರೆ ಅರಿವು ಅಡಗಿದ ಅಂಗವು ಹೆಪ್ಪುಗಟ್ಟುತ್ತಿರಬಹುದು.

ನಿಜವಾದ ಹಿಮಕಡಿತದಲ್ಲಿ ವೈದ್ಯರು ನಾಲ್ಕು ಹಂತಗಳನ್ನು ಗುರುತಿಸುತ್ತಾರೆ. ಮೊದಲನೆಯದರಲ್ಲಿ ಚರ್ಮ ಮರಗಟ್ಟಿ, ಸುತ್ತಲೂ ಕೆಂಪಡರಿ ಊದಿಕೊಳ್ಳುತ್ತದೆ. ಎರಡನೆಯದರಲ್ಲಿ ತಿಳಿನೀರು ತುಂಬಿದ ಬೊಬ್ಬೆಗಳೇಳುತ್ತವೆ. ಮೂರನೆಯದರಲ್ಲಿ ಬೊಬ್ಬೆಗಳೊಳಗೆ ರಕ್ತವಿರುತ್ತದೆ. ಪೆಟ್ಟು ಆಳಕ್ಕಿಳಿದಿದೆಯೆಂದು ಇದರ ಅರ್ಥ. ನಾಲ್ಕನೆಯದರಲ್ಲಿ ಸ್ನಾಯು, ಮೂಳೆಗಳವರೆಗೂ ಹಾನಿ ತಟ್ಟಿ, ಅಂಗವು ಕಪ್ಪಾಗಿ ಒಣಗುತ್ತದೆ. ಆದರೆ ಹೆಪ್ಪು ಕರಗುವ ಮುನ್ನ ಎಲ್ಲ ಹಂತಗಳೂ ಹೆಚ್ಚುಕಡಮೆ ಒಂದೇ ತೆರನಾಗಿ ಕಾಣುವುದರಿಂದ, ಆಗಲೇ ತೀರ್ಪು ಕೊಡುವುದು ತರವಲ್ಲ.

ಚಿಕಿತ್ಸೆಯ ಚರಿತ್ರೆಯೂ ಬೋಧಪ್ರದವಾಗಿದೆ. 1812ರಲ್ಲಿ ನೆಪೋಲಿಯನ್ನನ ಸೇನೆ ರಷ್ಯದಿಂದ ಹಿಮ್ಮೆಟ್ಟುತ್ತಿದ್ದಾಗ, ಸೈನಿಕರು ರಾತ್ರಿ ಬೆಂಕಿಯೆದುರು ಕಾಲು ಕಾಸಿಕೊಂಡು ಹಗಲು ಮತ್ತೆ ಹಿಮದಲ್ಲಿ ನಡೆಯುತ್ತಿದ್ದರು. ಅವರ ಕಾಲುಗಳು ಕೊಳೆತವು. ಇದನ್ನು ಕಂಡ ಶಸ್ತ್ರವೈದ್ಯ ಲಾರೆ, ಬೆಂಕಿ ಬೇಡ, ಹಿಮದಿಂದಲೇ ಉಜ್ಜಿರೆಂದನು. ಅವನು ಕಂಡದ್ದು ನಿಜ, ತೆಗೆದ ತೀರ್ಮಾನ ತಪ್ಪು. ಆದರೂ ಆ ಸಲಹೆ ನೂರು ವರ್ಷಕ್ಕೂ ಮೀರಿ ಬಾಳಿತು. 1960ರ ದಶಕದಲ್ಲಿ ಅಲಾಸ್ಕದ ವೈದ್ಯ ವಿಲಿಯಂ ಮಿಲ್ಸ್, ಬೆಚ್ಚನೆಯ ನೀರಿನಲ್ಲಿ ಬೇಗನೆ ಕರಗಿಸುವುದೇ ಮೇಲೆಂದು ತನ್ನ ರೋಗಿಗಳ ಅನುಭವದಿಂದ ತೋರಿಸಿದನು.

ಹಾಗಾದರೆ ಮಾಡತಕ್ಕದ್ದೇನು? ರೋಗಿಯನ್ನು ಗಾಳಿಯಿಂದ ಮರೆಗೆ ತಂದು, ಒದ್ದೆ ಬಟ್ಟೆಯನ್ನೂ ಉಂಗುರಗಳನ್ನೂ ತೆಗೆಯಬೇಕು. ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಬೇಕೆಂದು ಕರಗಿಸಕೂಡದು. ಕರಗಿ ಮರಳಿ ಹೆಪ್ಪುಗಟ್ಟಿದರೆ ಹಾನಿ ಇಮ್ಮಡಿಸುತ್ತದೆ. ಆ ಭಯವಿಲ್ಲದೆಡೆ 37ರಿಂದ 39 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ನೀರಿನಲ್ಲಿ, ಅಂಗವು ಕೆಂಪೇರಿ ಮೆತ್ತಗಾಗುವವರೆಗೆ, ಸುಮಾರು ಅರ್ಧ ಗಂಟೆ ಅದ್ದಿಡಬೇಕು. ಆಗ ನೋವು ತೀವ್ರವಾಗಿರುವುದರಿಂದ ನೋವುನಿವಾರಕವು ಅಗತ್ಯ. ಬೆಂಕಿಯ ಕಾವು ಕೂಡದು. ಜೋಮುಹಿಡಿದ ಚರ್ಮ ಸುಟ್ಟರೂ ತಿಳಿಯದು. ತಿಕ್ಕಕೂಡದು, ಬೊಬ್ಬೆ ಒಡೆಯಕೂಡದು, ಹೊಗೆಬತ್ತಿ ಸೇದಕೂಡದು. ಬೆರಳುಗಳ ನಡುವೆ ಶುಭ್ರವಾದ ಬಟ್ಟೆಯಿಟ್ಟು ಸಡಿಲವಾಗಿ ಕಟ್ಟಿ, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಗರಣೆ ಕರಗಿಸುವ ಮದ್ದನ್ನು ಮೊದಲ 24 ಗಂಟೆಗಳೊಳಗೆ ಕೊಟ್ಟರೆ ಅನೇಕ ಬೆರಳುಗಳು ಉಳಿಯುತ್ತವೆ. ರಕ್ತನಾಳಗಳನ್ನು ಹಿಗ್ಗಿಸುವ ಐಲೊಪ್ರಾಸ್ಟ್ ಎಂಬ ಔಷಧಕ್ಕೆ 2024ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಕಪ್ಪಾದ ಬೆರಳನ್ನು ಕತ್ತರಿಸಲು ವೈದ್ಯರು ಅವಸರಪಡರು. ಸತ್ತ ಭಾಗಕ್ಕೂ ಬದುಕಿದ ಭಾಗಕ್ಕೂ ನಡುವಣ ಗೆರೆ ಸ್ಪಷ್ಟವಾಗಲು ವಾರಗಳೂ ತಿಂಗಳುಗಳೂ ಬೇಕಾಗುತ್ತವೆ.

ನಮ್ಮ ನಾಡಿನಲ್ಲಿ ಹಿಮ ಬೀಳದು, ನಿಜ. ಆದರೆ ನಮ್ಮ ಯೋಧರು 1984ರಿಂದ ಸಿಯಾಚಿನ್ನಿನ ಹಿಮನದಿಯ ಮೇಲೆ ಕಾವಲಿದ್ದಾರೆ; ನಮ್ಮ ವಿದ್ಯಾರ್ಥಿಗಳು ಹಿಮಾಲಯಕ್ಕೆ ಚಾರಣ ಹೋಗುತ್ತಾರೆ. ಜೊತೆಗಾರನು “ಈಗ ನೋವಿಲ್ಲ” ಎಂದಾಗ ನಿಂತು ಅವನ ಬೆರಳುಗಳನ್ನು ನೋಡುವಷ್ಟು ತಿಳಿವಳಿಕೆ ನಮ್ಮಲ್ಲಿದ್ದರೆ, ಆ ಬೆರಳುಗಳು ಅವನೊಡನೆ ಮನೆಗೆ ಮರಳುತ್ತವೆ.