ಆಯಿಯ ಅಂಗೈ, ನಡೆದವರ ಅಂಗಾಲು

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿಲೋಮೀಟರ್. ಅಲ್ಲಿನ ಮಂದಿರದ ಗುರುವಾರದ ದರ್ಶನಕ್ಕೆ ಬೆಳಗಿನ ಜಾವವೇ ಹೊರಟವರ ಜತೆ ನಾನೂ ಬರಿಗಾಲಲ್ಲಿ ಹೆಜ್ಜೆ ಹಾಕಿದ್ದೆ. ವಳಸಂಗ ಮುಟ್ಟುವಷ್ಟರಲ್ಲಿ ಬಿಸಿಲೇರಿ, ಅಂಗಾಲಲ್ಲಿ ಎರಡು ಗುಳ್ಳೆ. ಜಲ್ಲಿಕಲ್ಲು ಚುಚ್ಚಿದರೆ ಮೊದಲು ಚುರ್ ಎನ್ನುವುದು. ಕ್ಷಣ ಬಿಟ್ಟು ಉರಿ ಏರುವುದು. ಚುಚ್ಚಿದ ಸುದ್ದಿ ಒಯ್ಯುವ ನರ ಬೇರೆ, ಉರಿಯ ನರ ಬೇರೆ. ಉರಿಯ ನರದ್ದು ಸೆಕೆಂಡಿಗೆ ಒಂದು ಮೀಟರ್ ಆಸುಪಾಸಿನ ಆಮೆನಡಿಗೆ.

ಕಟ್ಟೆಯ ಮೇಲಿದ್ದ ಆಯಿಯೊಬ್ಬಳು ಕರೆದಳು: "ಕಾಲ ಇತ್ತ ಚಾಚೋ ತಮ್ಮಾ." ಮೊಮ್ಮಗನನ್ನು ಮರಾಠಿಯಲ್ಲಿ ಗದರಿಸಿ ಎಣ್ಣೆ ತರಿಸಿದಳು. ಗುಳ್ಳೆ ಮುಟ್ಟಲೇ ಇಲ್ಲ. ಮೊಣಕಾಲಿನಿಂದ ಹಿಮ್ಮಡಿಯವರೆಗೆ, ಮೀನಖಂಡದ ಮೇಲೆ, ಅವಸರವಿಲ್ಲದೆ ತಿಕ್ಕಿದಳು. ಉರಿ ತಗ್ಗಿತು. ಎಣ್ಣೆಯ ಗುಣವೆಂದು ಅವಳೆಂದಳು. ಕೈಯ ಗುಣವೆಂದು ನಾನು.

ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲೇ ನೋವಿಗೆ ಬಾಗಿಲು ಹಾಕಬಲ್ಲದು ಎಂದು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಹೇಳಿದ್ದರು. 1973ರಲ್ಲಿ ಬಾಲ್ಟಿಮೋರಿನಲ್ಲಿ ಕ್ಯಾಂಡೇಸ್ ಪರ್ಟ್, ಸಾಲೊಮನ್ ಸ್ನೈಡರ್ ಅವರಿಗೆ ಮಿದುಳಿನಲ್ಲಿ ಅಫೀಮು ಕಚ್ಚಿಕೊಳ್ಳುವ ಗ್ರಾಹಕ ಸಿಕ್ಕಿತು. ಪಾಯಸಕ್ಕೆ ಹಾಕುವ ಗಸಗಸೆಯ ಗಿಡದ ಹಾಲಿಗೆ ನಮ್ಮ ತಲೆಯೊಳಗೇಕೆ ಮಣೆ? ಎರಡು ವರ್ಷದಲ್ಲಿ ಅಬರ್ಡೀನಿನ ಹ್ಯೂಸ್, ಕೋಸ್ಟರ್‌ಲಿಟ್ಜ್ ಹಂದಿಯ ಮಿದುಳಿನಿಂದ ಎನ್ಕೆಫಲಿನ್ ಎಂಬ ಒಳ ಅಫೀಮನ್ನು ತೆಗೆದು ತೋರಿಸಿದರು. ಮಣೆ ಇದ್ದದ್ದು ಮನೆಯವರಿಗೇ.

ಉರಿಯ ನರ ಬೆನ್ನುಹುರಿಗೆ ಸುದ್ದಿ ಒಪ್ಪಿಸುವ ಜಾಗದಲ್ಲಿ 'ಮ್ಯೂ' ಎಂಬ ಬಗೆಯ ಅಫೀಮು ಗ್ರಾಹಕಗಳು ದಟ್ಟವಾಗಿವೆ. ಅಲ್ಲಿ ಈ ಒಳ ಅಫೀಮು ಕೂತರೆ ನರದ ತುದಿಗೆ ಕ್ಯಾಲ್ಸಿಯಂ ನುಗ್ಗುವುದು ತಗ್ಗಿ ಸುದ್ದಿ ಅಲ್ಲೇ ಉಳಿಯುತ್ತದೆ. ಸ್ಪರ್ಶದ ನರಗಳಲ್ಲಿ ಅವು ವಿರಳ; ಹಾಗಾಗಿ ಅಫೀಮಿನ ಮಾರ್ಫಿನ್ ಪಡೆದ ರೋಗಿಗೆ ಹಾಸಿಗೆಯ ಮಡಿಕೆ ತಿಳಿಯುತ್ತದೆ, ನೋವು ಮಾತ್ರ ಅಷ್ಟು ಕಾಡುವುದಿಲ್ಲ. ಹಾಗೆಂದು ಸ್ಪರ್ಶದ ನರಗಳು ಪೂರ್ತಿ ಹೊರಗಿನವಲ್ಲ. ಇಲಿಗಳಲ್ಲಿ ಅವುಗಳ ಮೇಲೂ 'ಡೆಲ್ಟಾ' ಎಂಬ ಇನ್ನೊಂದು ಬಗೆಯ ಅಫೀಮು ಗ್ರಾಹಕಗಳು ಕಂಡಿವೆ.

ರೋಮವಿರುವ ಚರ್ಮದಲ್ಲಿ ನೇವರಿಕೆಗೆಂದೇ ಒಂದು ಬಗೆಯ ನರಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗ ಅವಕ್ಕೆ ಇಷ್ಟ. ಅಂಗಾಲಲ್ಲಿ ಅವು ಅಪರೂಪ. ಆಯಿ ಮೀನಖಂಡವನ್ನೇ ಹಿಡಿದದ್ದು ನೆನಪಾಗಿ ನಗು ಬಂತು. ಒಂದರ ಮೈ ಇನ್ನೊಂದು ಹೆಕ್ಕುವ ಮಂಗಗಳಲ್ಲಿ ಎಂಡಾರ್ಫಿನ್ ಎಂಬ ಇನ್ನೊಂದು ಒಳ ಅಫೀಮು ಏರುವುದನ್ನೂ ಅಳೆದಿದ್ದಾರೆ.

ಆದರೆ ಎನ್ಕೆಫಲಿನ್ ಬಾಳಿಕೆಯದಲ್ಲ, ದೇಹದ ಕಿಣ್ವಗಳು ಅದನ್ನು ನಿಮಿಷಗಳಲ್ಲೇ ಕತ್ತರಿಸಿ ಹಾಕುತ್ತವೆ. ವಳಸಂಗ ದಾಟಿ ಎರಡು ಮೈಲಿಗೆ ಗುಳ್ಳೆಗಳು ಮತ್ತೆ ಮಾತಾಡಿದವು. ಸಂಜೆ ಅಕ್ಕಲಕೋಟದ ವಟವೃಕ್ಷ ಮಂದಿರದ ಸಾಲಿನಲ್ಲಿ, ಮುಂದಿದ್ದವನ ಹೆಗಲು ಹಿಡಿದು ಒಂಟಿಗಾಲಲ್ಲಿ ನಿಂತಿದ್ದೆ.