ಟಾಂಕಿಗೂ ಉಸಿರು ಬೇಕು

ಪೆಟ್ರೋಲು ಹಾಕಿಸುವಾಗ ಟಾಂಕಿ ತುಂಬುವ ಮೊದಲೇ ನಳಿಕೆಯು ಪದೇಪದೇ ‘ಟಕ್’ ಎಂದು ನಿಂತುಹೋಗುವ ಪೀಡೆಯನ್ನು ಕಾರುಳ್ಳ ಗೃಹಸ್ಥರಲ್ಲಿ ಅನೇಕರು ಅನುಭವಿಸಿರಬಹುದು. ನಾವೂ ಅನುಭವಿಸಿದೆವು, ಬಂಕಿನ ಹುಡುಗನನ್ನು ವೃಥಾ ಗದರಿಸಿದೆವು.

ನಳಿಕೆಯ ತುದಿಯಲ್ಲಿ ಒಂದು ಸಣ್ಣ ರಂಧ್ರವುಂಟು. ಪೆಟ್ರೋಲು ಹರಿಯುತ್ತಿರುವಷ್ಟು ಕಾಲ ಅದರೊಳಗೆ ಗಾಳಿಯು ಸೇರುತ್ತಲೇ ಇರುತ್ತದೆ. ಪೆಟ್ರೋಲು ಮೇಲೇರಿ ಆ ರಂಧ್ರವನ್ನು ಮುಚ್ಚಿದೊಡನೆ ಒಳಗಿನ ಒತ್ತಡವು ಕುಸಿದು, ಅಲ್ಲಿರುವ ಪೊರೆಯೊಂದು ಸೆಳೆದುಕೊಂಡು, ಕವಾಟವು ಮುಚ್ಚಿಹೋಗುತ್ತದೆ. ಆದರೆ ಟಾಂಕಿ ಬರಿದಾಗಿರುವಾಗ ಅದು ಮೇಲೇರುವುದೇಕೆ? ಕಿರಿಬಾಯಿಯ ಹೂಜಿಗೆ ರಭಸದಿಂದ ನೀರು ಸುರಿದು ನೋಡಿರಿ. ಒಳಗಿನ ಗಾಳಿಗೆ ದಾರಿ ಸಾಲದೆ ನೀರು ಬಾಯಿಗೇ ಉಕ್ಕುವುದು. ಟಾಂಕಿಯ ಗಾಳಿ ಹೊರಡಲು ಬೇರೊಂದು ಕೊಳವೆಯಿದೆ. ಇಂದಿನ ಪೆಟ್ರೋಲು ಕಾರುಗಳಲ್ಲಿ ಆವಿಯನ್ನು ಹೀರಲು ಇದ್ದಲು ತುಂಬಿದ ಡಬ್ಬಿಯೂ ಇದೆ. ಇವು ಕಟ್ಟಿಕೊಂಡರೆ ಹೂಜಿಯ ಗತಿಯೇ. ನಮ್ಮ ಕಾರಿನ ಕೊಳವೆಯಿಂದ ಮೇಸ್ತ್ರಿಯು ಹೊರತೆಗೆದದ್ದು ಕಣಜದ ಮಣ್ಣುಗೂಡು!

ಮೊದಲು ನಳಿಕೆಯನ್ನು ತುಸು ತಿರುಗಿಸಿ, ನಿಧಾನವಾಗಿ ಹಾಕಿಸಿ ನೋಡಬೇಕು. ಬೇರೆ ಬಂಕಿನಲ್ಲಿಯೂ ಹಾಗೆಯೇ ಆದರೆ ದೋಷವು ಬಹುಮಟ್ಟಿಗೆ ಕಾರಿನದು. ತಾವೇ ತಂತಿಯಿಂದ ಕೆದಕದೆ ಮೇಸ್ತ್ರಿಗೆ ತೋರಿಸುವುದು ಲೇಸು. ತುಂಬಿ ನಿಂತ ಮೇಲೂ ‘ಇನ್ನೊಂದಿಷ್ಟು ಹಾಕಪ್ಪ’ ಎನ್ನುವ ಚಾಪಲ್ಯ ನಮ್ಮಲ್ಲಿತ್ತು. ಹಾಗೆ ಒತ್ತಿ ತುಂಬಿಸಿದ ಪೆಟ್ರೋಲು ಇದ್ದಲಿನ ಡಬ್ಬಿಗೆ ನುಗ್ಗಿ ಅದನ್ನು ಕೆಡಿಸಬಲ್ಲುದು.

ಮರುವಾರ ಆ ಹುಡುಗನಿಗೆ, ‘ತಪ್ಪು ನಮ್ಮ ಕಾರಿನದೇ ಆಗಿತ್ತಪ್ಪ’ ಎಂದೆವು. ‘ಇರಲಿ ಬಿಡಿ ಮೇಷ್ಟ್ರೇ, ಎಷ್ಟಕ್ಕೆ ಹಾಕಲಿ?’ ಎಂದನು.